ಬಿಟ್ಟ ನೀರು, ಮರಳದ ನೀರು: ಕಾವೇರಿಯ ಲೆಕ್ಕದ ಚರಿತ್ರೆ

ಮುಂಗಾರು ಕೈಕೊಟ್ಟ ವರ್ಷ ಹಳೆ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಮೂರು ಅಂಕಿಗಳು ತಪ್ಪದೆ ಮುಖಪುಟಕ್ಕೆ ಬರುತ್ತವೆ: ಕೃಷ್ಣರಾಜಸಾಗರದ ನೀರಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಹೊರಹರಿವು ಎಷ್ಟು ಕ್ಯೂಸೆಕ್. ಮೂರನೆಯ ಅಂಕಿ ಏರಿದರೆ ಮಂಡ್ಯದಲ್ಲಿ ರಸ್ತೆ ತಡೆ, ಇಳಿದರೆ ತಂಜಾವೂರಿನಲ್ಲಿ ಧರಣಿ. ಇಷ್ಟೊಂದು ಜನರ ಅನ್ನ ಮತ್ತು ಆತಂಕ ಎರಡನ್ನೂ ಹೊತ್ತ ಈ ಅಂಕಿಗಳು ಹುಟ್ಟುವುದು ಹೇಗೆ, ಅವು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂದು ಕೇಳುವವರು ಕಡಿಮೆ. ಕಾವೇರಿಯ ಚರಿತ್ರೆಯನ್ನು ನಾವು ಒಪ್ಪಂದ, ತೀರ್ಪು, ಚಳವಳಿಗಳ ಚರಿತ್ರೆಯಾಗಿ ಓದಿಕೊಂಡು ಬಂದಿದ್ದೇವೆ. ಅದರ ಒಡಲಲ್ಲೇ ಲೆಕ್ಕ ಹಾಕುವ ಕ್ರಮದ ಚರಿತ್ರೆಯೂ ಇದೆ. ಅದನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೂರಕ್ಕೂ ಹೆಚ್ಚು ವರ್ಷ ನಾವು ಅಳೆಯಲು ಸುಲಭವಾದದ್ದನ್ನು, ಅಂದರೆ ಒಂದು ಕಟ್ಟೆಯನ್ನೋ ಗಡಿಯನ್ನೋ ದಾಟುವ ನೀರನ್ನು, ಎಣಿಸುತ್ತ ಬಂದಿದ್ದೇವೆ. ನದಿಯಿಂದ ಎತ್ತಿದ ಮೇಲೆ ಮತ್ತೆ ನದಿಗೆ ಮರಳದ ನೀರು ಎಷ್ಟು ಎಂಬುದನ್ನು ಮಾತ್ರ ಅಂದಾಜಿಗೆ ಬಿಟ್ಟಿದ್ದೇವೆ. ವಿವಾದ ಇಷ್ಟು ದೀರ್ಘವಾಗಲು ಈ ಎರಡನೆಯ ಲೆಕ್ಕ ಮಸುಕಾಗಿ ಉಳಿದದ್ದು ಒಂದು ದೊಡ್ಡ ಕಾರಣ ಎಂಬುದು ಈ ಬರಹದ ವಾದ.

ಮೊದಲ ಒಪ್ಪಂದದಲ್ಲಿ ನೀರಿನ ಪ್ರಮಾಣವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ಕೆರೆಗಳ ಸೀಮೆ. ಕೆರೆಗಳ ಸರಣಿ ಎಷ್ಟು ಪೂರ್ಣವಾಗಿದೆಯೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರ ಸುಮಾರಿಗೆ ಬರೆದಿದ್ದರು. 1876–78ರ ಭೀಕರ ಕ್ಷಾಮದ ನಂತರ ನೀರಾವರಿಯನ್ನು ಬಲಪಡಿಸುವ ಒತ್ತಡ ಮೈಸೂರಿನ ಮೇಲಿತ್ತು. ಮೇಲೆ ನೀರು ನಿಂತರೆ ಕೆಳಗೆ ಬರುವುದು ಕುಗ್ಗೀತು ಎಂಬ ಭಯ ಮದ್ರಾಸಿಗಿತ್ತು. ಇದರಿಂದ ಹುಟ್ಟಿದ್ದು 1892ರ ಫೆಬ್ರುವರಿ 18ರ ಒಪ್ಪಂದ. ಪಟ್ಟಿಯಲ್ಲಿ ಹೆಸರಿಸಿದ ಹದಿನೈದು ಮುಖ್ಯ ನದಿಗಳಿಗೆ ಅಡ್ಡಲಾಗಿ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಮದ್ರಾಸು ಒಪ್ಪಿಗೆ ನಿರಾಕರಿಸಬೇಕಾದರೆ ತಾನು ಈಗಾಗಲೇ ಗಳಿಸಿದ, ವಾಸ್ತವವಾಗಿ ಚಾಲ್ತಿಯಲ್ಲಿರುವ ಹಕ್ಕಿನ ರಕ್ಷಣೆಗೆಂದು ಮಾತ್ರ ನಿರಾಕರಿಸಬಹುದಿತ್ತು. ಆದರೆ ಆ ಹಕ್ಕು ಎಷ್ಟು ನೀರಿನದು? ಅದನ್ನು ಯಾರೂ ಬರೆದಿಡಲಿಲ್ಲ. ಕಾವೇರಿ ಮುಖಜಭೂಮಿಯ ಹೊಲಗಳಿಗೆ ಸಾವಿರಕ್ಕೂ ಹೆಚ್ಚು ವರ್ಷ ನೀರುಣಿಸಿದ ಕಲ್ಲಣೆ ಎಂಬ ಹಳೆಯ ಅಣೆಕಟ್ಟಿನ ಕಾಲುವೆಗಳಿಗೆ ನಿಜಕ್ಕೂ ಎಷ್ಟು ಬೇಕು, ಎಷ್ಟು ಬಳಕೆಯಾಗದೆ ಕಡಲು ಸೇರುತ್ತದೆ ಎಂಬುದು ಬರೆಯದೆ ಉಳಿದದ್ದರಿಂದ, ಅನುಮತಿಯ ಪ್ರಶ್ನೆ ಎದ್ದಾಗಲೆಲ್ಲ ಪ್ರಮಾಣದ ಪ್ರಶ್ನೆಯೂ ಹೊಸದಾಗಿ ಏಳಬೇಕಾಯಿತು.

ಕನ್ನಂಬಾಡಿ ಕಟ್ಟೆಯ, ಅಂದರೆ ಇಂದಿನ ಕೃಷ್ಣರಾಜಸಾಗರದ, ಯೋಜನೆ ಬಂದಾಗ ಇದೇ ಆಯಿತು. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ನದಿ ಬತ್ತಿದಾಗ ಯಂತ್ರಗಳಿಗೂ ನೀರಿನ ಕೊರತೆ. ವಿದ್ಯುತ್ತಿಗೂ ಹೊಲಕ್ಕೂ ನೆರವಾಗುವ ದೊಡ್ಡ ಜಲಾಶಯವನ್ನು ವಿಶ್ವೇಶ್ವರಯ್ಯ ರೂಪಿಸಿದರು, ಮದ್ರಾಸು ಆಕ್ಷೇಪಿಸಿತು, ವ್ಯಾಜ್ಯ ಪಂಚಾಯಿತಿಗೆ ಹೋಯಿತು. 1914ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಗ್ರಿಫಿನ್ ಕೊಟ್ಟ ತೀರ್ಪನ್ನು ಭಾರತ ಸರ್ಕಾರ ಒಪ್ಪಿದರೂ ಮದ್ರಾಸು ಒಪ್ಪಲಿಲ್ಲ. ಮೇಲ್ಮನವಿ ಲಂಡನ್ನಿನವರೆಗೆ ಹೋಗಿ 1919ರಲ್ಲಿ ವಿಷಯ ಮತ್ತೆ ತೆರೆಯಿತು. ಕೊನೆಗೆ 1924ರ ಫೆಬ್ರುವರಿ 18ರಂದು ಸಹಿಯಾದ ಒಪ್ಪಂದದ ತಿರುಳು ಒಂದು ಅಳತೆಗೋಲು. ತಿರುಚಿರಾಪಳ್ಳಿ ಬಳಿಯ ಮೇಲಣೆಯ ಮಾಪಕದಲ್ಲಿ ಆಯಾ ತಿಂಗಳಿಗೆ ಗೊತ್ತುಪಡಿಸಿದ ಮಟ್ಟಕ್ಕೆ ನದಿ ಹರಿಯುತ್ತಿದ್ದರೆ ಮಾತ್ರ, ನೂರಾರು ಕಿಲೋಮೀಟರ್ ಮೇಲಿರುವ ಕೃಷ್ಣರಾಜಸಾಗರ ನೀರು ತುಂಬಿಕೊಳ್ಳಬಹುದು. ಕೃಷ್ಣರಾಜಸಾಗರದ ಬಳಸಬಹುದಾದ ಸಾಮರ್ಥ್ಯ ಸುಮಾರು 44.8 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ), ಮದ್ರಾಸು ಕಟ್ಟಲಿದ್ದ ಮೆಟ್ಟೂರಿನದು 93.5 ಟಿಎಂಸಿ ಅಡಿ. ಬಳಕೆಯ ಲೆಕ್ಕ ಮಾತ್ರ ಎಕರೆಗಳಲ್ಲಿ: ಮೈಸೂರಿಗೆ ಹೆಚ್ಚುವರಿಯಾಗಿ 1,10,000 ಎಕರೆ, ಮದ್ರಾಸಿಗೆ 3,01,000 ಎಕರೆ. ಒಂದು ಎಕರೆ ಭತ್ತ ಕುಡಿಯುವ ನೀರೇ ಬೇರೆ, ಒಂದು ಎಕರೆ ರಾಗಿ ಕುಡಿಯುವ ನೀರೇ ಬೇರೆ. ಒಂದೇ ಎಕರೆಯಲ್ಲಿ ಎರಡು ಬೆಳೆ ತೆಗೆದರೆ ನದಿಯ ಮೇಲಿನ ಭಾರ ಇನ್ನೂ ಬೇರೆ. ಎಕರೆ ನೆಲದ ಅಳತೆ, ನೀರಿನದಲ್ಲ. ಆದರೂ ಆ ಕಾಲಕ್ಕೆ ಅದು ಪ್ರಾಮಾಣಿಕ ಪ್ರಯತ್ನ. ಬಳಕೆಯನ್ನು ಅಳೆಯುವ ಬೇರೆ ಉಪಾಯ ಎಂಜಿನಿಯರುಗಳ ಕೈಯಲ್ಲಿರಲಿಲ್ಲ.

ಜಲಾಶಯದ ಅಂಕಿಗಳು ಕೂಡ ನಾವು ಭಾವಿಸುವಷ್ಟು ನೇರವಾದ ಅಳತೆಗಳಲ್ಲ. ಕಟ್ಟೆಯ ಬಳಿ ನೇರವಾಗಿ ಓದುವುದು ನೀರಿನ ಮಟ್ಟವೊಂದನ್ನೇ. ಆ ಮಟ್ಟಕ್ಕೆ ಎಷ್ಟು ನೀರು ಎಂಬುದು ಸಮೀಕ್ಷೆ ಮಾಡಿ ಬರೆದಿಟ್ಟ ಕೋಷ್ಟಕದಿಂದ ಬರುತ್ತದೆ: 124.80 ಅಡಿಗೆ 49.45 ಟಿಎಂಸಿ ಅಡಿ, ಹೀಗೆ. ಹೂಳು ತುಂಬಿದಂತೆ ಕೋಷ್ಟಕವೂ ಹಳತಾಗುತ್ತದೆ. ತೂಬು ಮತ್ತು ಗೇಟುಗಳಿಂದ ಹೋದದ್ದನ್ನು ಗೇಟು ಎಷ್ಟು ತೆರೆದಿದೆ, ನೀರಿನ ಒತ್ತಡ ಎಷ್ಟು ಎಂಬ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಒಳಹರಿವನ್ನು ಬಹುಮಟ್ಟಿಗೆ ಹಿಂದಿನಿಂದ ಕಟ್ಟಿಕೊಳ್ಳುತ್ತಾರೆ: ನಿನ್ನೆಗೂ ಇವತ್ತಿಗೂ ಸಂಗ್ರಹದಲ್ಲಿ ಆದ ವ್ಯತ್ಯಾಸ, ಅದಕ್ಕೆ ಹೊರಬಿಟ್ಟದ್ದನ್ನೂ ಆವಿಯಾದದ್ದನ್ನೂ ಕೂಡಿಸಿದರೆ ಒಳಹರಿವು. ಹಾಗಾಗಿ ಉಳಿದೆಲ್ಲ ಅಂಕಿಗಳ ತಪ್ಪು ಕೊನೆಗೆ ಬಂದು ಸೇರುವುದು ಒಳಹರಿವಿನ ಅಂಕಿಯಲ್ಲಿ. ತುಂಬುಮಟ್ಟದ ಹತ್ತಿರ ಕೃಷ್ಣರಾಜಸಾಗರದ ಒಂದು ಅಡಿ ಎಂದರೆ ಒಂದು ಟಿಎಂಸಿ ಅಡಿಗೂ ಹೆಚ್ಚು ನೀರು. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಅಡಿ. ಅಂದಮೇಲೆ ಅಲ್ಲಿ ಮಟ್ಟವನ್ನು ಒಂದೇ ಒಂದು ಅಂಗುಲ ತಪ್ಪಾಗಿ ಓದಿದರೂ ಆ ದಿನದ ಒಳಹರಿವಿನ ಲೆಕ್ಕ ಸಾವಿರ ಕ್ಯೂಸೆಕ್‌ಗೂ ಮೀರಿ ಏರುಪೇರಾಗುತ್ತದೆ. ತಿಂಗಳ ಮೊತ್ತದಲ್ಲಿ ಇಂಥ ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂಬುದು ನಿಜ. ಆದರೆ ದಿನದ ಅಂಕಿ ಹಿಡಿದು ಬೀದಿಯಲ್ಲಿ ವಾದಿಸುವಾಗ ಅದು ಅಂದಾಜು ಎಂಬುದನ್ನು ಎರಡೂ ಕಡೆಯವರು ಮರೆತಿರುತ್ತಾರೆ.

1924ರ ಒಪ್ಪಂದ ಐವತ್ತು ವರ್ಷದ ನಂತರ ಮರುಪರಿಶೀಲನೆಗೆ ಬರಬೇಕಿತ್ತು. ಅದಕ್ಕೆ ಪೂರ್ವಭಾವಿಯಾಗಿ 1972ರಲ್ಲಿ ಕಾವೇರಿ ಸತ್ಯಶೋಧನಾ ಸಮಿತಿ ರಚನೆಯಾಗಿ, ಆ ವರ್ಷದ ಕೊನೆಗೇ ವರದಿ ಕೊಟ್ಟಿತು. ಇವತ್ತಿಗೂ ಎಲ್ಲ ಹಂಚಿಕೆಗೆ ತಳಹದಿಯಾಗಿರುವ 740 ಟಿಎಂಸಿ ಅಡಿ, ಅಂದರೆ ಎರಡು ವರ್ಷಕ್ಕೊಮ್ಮೆಯಾದರೂ ಸಿಗುವ ಇಳುವರಿ, ಬೇರೂರಿದ್ದು ಇಲ್ಲಿ. ಈ 740ನ್ನು ಯಾವ ಮಾಪಕವೂ ಎಂದೂ ಓದಿದ್ದಿಲ್ಲ. ನದಿಯ ಕೆಳತುದಿಯಲ್ಲಿರುವ ಕೊಳ್ಳಿಡಂ ಕೆಳ ಅಣೆಕಟ್ಟಿನ ಬಳಿ ಉಳಿದು ಹರಿದದ್ದು ಎಷ್ಟು ಎಂದು ನೋಡಿ, ಅದಕ್ಕೆ ಮೇಲಿನ ಎಲ್ಲ ನಾಲೆ, ಅಣೆಕಟ್ಟೆ, ಕೆರೆಗಳಲ್ಲಿ ಬಳಕೆಯಾದ ನೀರನ್ನು ಅಂದಾಜಿಸಿ ಕೂಡಿಸಿದರೆ, ಯಾರೂ ಮುಟ್ಟದಿದ್ದಲ್ಲಿ ನದಿ ಎಷ್ಟು ಹರಿಯುತ್ತಿತ್ತು ಎಂಬುದು ಸಿಗುತ್ತದೆ. ಆ ಕಾಲದ ಒಟ್ಟು ಬಳಕೆ 671 ಟಿಎಂಸಿ ಅಡಿ ಎಂದು ಸಮಿತಿ ಕಂಡಿತು: ತಮಿಳುನಾಡು ಕಡೆ 489, ಕರ್ನಾಟಕ 177, ಕೇರಳ 5. ಮೊತ್ತದ ಬಹುಭಾಗ ಅಳೆದ ಹರಿವಿನಿಂದ ಬಂದದ್ದಲ್ಲ, ಬಳಕೆಯ ಅಂದಾಜಿನಿಂದ ಬಂದದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಬಳಕೆಯನ್ನು ಹೆಚ್ಚು ಅಂದಾಜಿಸಿದರೆ ನದಿಯ ಇಳುವರಿ ಹಿಗ್ಗುತ್ತದೆ, ಕಡಿಮೆ ಅಂದಾಜಿಸಿದರೆ ಕುಗ್ಗುತ್ತದೆ. ನದಿ ಎಷ್ಟು ದೊಡ್ಡದು ಎಂಬ ಮೊದಲ ಪ್ರಶ್ನೆಗೂ ಮರಳದ ನೀರಿನ ಲೆಕ್ಕವೇ ಉತ್ತರ ಹೇಳಬೇಕು.

1990ರ ಜೂನ್ 2ರಂದು ರಚನೆಯಾದ ಕಾವೇರಿ ಜಲವಿವಾದ ನ್ಯಾಯಮಂಡಳಿ ಮರುವರ್ಷದ ಜೂನ್ 25ರಂದು ಮಧ್ಯಂತರ ಆದೇಶ ಕೊಟ್ಟಿತು: ವರ್ಷಕ್ಕೆ 205 ಟಿಎಂಸಿ ಅಡಿ ಮೆಟ್ಟೂರಿಗೆ ಸೇರಬೇಕು. ಹಿಂದಿನ ಹತ್ತು ವರ್ಷಗಳಲ್ಲಿ ಅತಿ ಒಳ್ಳೆಯವನ್ನೂ ಅತಿ ಕೆಟ್ಟವನ್ನೂ ಬಿಟ್ಟು ತೆಗೆದ ಒಳಹರಿವಿನ ಸರಾಸರಿ ಅದು. ಯಾರಿಗೆ ಎಷ್ಟು ಬೇಕು ಎಂಬುದರ ಲೆಕ್ಕವಾಗಿರಲಿಲ್ಲ. ಆದೇಶದ ಕಾವಿಗೆ ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿದದ್ದು ನಾಡು ಮರೆಯಬಾರದ ಗಾಯ. 2007ರ ಫೆಬ್ರುವರಿ 5ರ ಅಂತಿಮ ತೀರ್ಪು 740ನ್ನು ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ಪರಿಸರಕ್ಕೆ 10, ಕಡಲಿಗೆ ಹೋಗದೆ ವಿಧಿಯಿಲ್ಲದ್ದು 4. ಗಡಿಯ ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಅಡಿ, ತಿಂಗಳುವಾರು ಪಟ್ಟಿಯಂತೆ ಹಾದುಹೋಗಬೇಕಿತ್ತು. ಇದೇ ತೀರ್ಪಿನೊಳಗೆ, ನಮ್ಮ ಸಾರ್ವಜನಿಕ ಚರ್ಚೆ ಹೆಚ್ಚು ಗಮನಿಸದ ಒಂದು ಭಾಗವಿದೆ. ಯಾವುದೇ ರಾಜ್ಯದ ಬಳಕೆಯನ್ನು ಕಾವೇರಿ ಮತ್ತು ಅದರ ಉಪನದಿಗಳ ನೀರು ಎಷ್ಟು ಕಡಿಮೆಯಾಯಿತು ಎಂಬುದರಿಂದ ಅಳೆಯಬೇಕು, ಜಲಾಶಯಗಳಿಂದ ಆವಿಯಾದದ್ದೂ ಅದರಲ್ಲಿ ಸೇರಬೇಕು ಎಂದು ಅದು ಹೇಳುತ್ತದೆ. ಕುಡಿಯುವ ನೀರಿಗಾಗಿ ಎತ್ತಿದ್ದರಲ್ಲಿ ಶೇ 20ನ್ನು, ಕೈಗಾರಿಕೆಗೆ ಎತ್ತಿದ್ದರಲ್ಲಿ ಶೇ 2.5ನ್ನು ಮಾತ್ರ ಬಳಕೆ ಎಂದು ಎಣಿಸಬೇಕು. ಉಳಿದದ್ದು ಹೇಗಿದ್ದರೂ ನದಿಗೆ ಮರಳುತ್ತದೆ ಎಂಬುದು ಇದರ ತರ್ಕ. ಸಿದ್ಧಾಂತ ಸರಿಯಾಗಿದೆ. ಆದರೆ ಬಿಳಿಗುಂಡ್ಲುವಿನ ಅಂಕಿಯನ್ನು ದಿನದಿನವೂ ಓದುವ ನಾವು, ಈ ಶೇಕಡಾವಾರುಗಳು ನೆಲದ ಮೇಲೆ ನಿಜವೇ ಎಂದು ಪರೀಕ್ಷಿಸುವ ಕೆಲಸಕ್ಕೆ ಅದೇ ಶ್ರದ್ಧೆ ಕೊಟ್ಟಿಲ್ಲ.

ಆ ಪರೀಕ್ಷೆಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪೇ ಸಾಕ್ಷಿ. ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿತು, ಬಿಳಿಗುಂಡ್ಲುವಿನಲ್ಲಿ ಕೊಡಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ಈ 14.75 ಟಿಎಂಸಿ ಅಡಿ ಬಂದದ್ದು ಗೇಟಿನ ಲೆಕ್ಕ ತಿದ್ದಿದ್ದರಿಂದಲ್ಲ. ಕಾವೇರಿ ಮುಖಜಭೂಮಿಯ ನೆಲದಡಿ ಇರುವ ನೀರನ್ನು ನ್ಯಾಯಮಂಡಳಿ ಲೆಕ್ಕಕ್ಕೆ ತಂದಿಲ್ಲ ಎಂದು ಕಂಡು ಕೋರ್ಟು ಅದರಲ್ಲಿ 10 ಟಿಎಂಸಿ ಅಡಿಯನ್ನು ಗಣನೆಗೆ ತೆಗೆದುಕೊಂಡಿತು. ಬೆಂಗಳೂರಿನ ಮೂರನೇ ಒಂದು ಭಾಗವಷ್ಟೇ ಕಣಿವೆಯೊಳಗಿದೆ ಎಂಬ ಎಣಿಕೆಯನ್ನು ಬದಿಗಿಟ್ಟು ಇಡೀ ನಗರದ ಬಾಯಾರಿಕೆಗೆ 4.75 ಟಿಎಂಸಿ ಅಡಿ ಸೇರಿಸಿತು. ಎರಡೂ ಬಳಕೆಯ ಲೆಕ್ಕದ ತಿದ್ದುಪಡಿಗಳು. ಕರ್ನಾಟಕಕ್ಕೆ ಇಷ್ಟು ವರ್ಷಗಳ ಹೋರಾಟದಲ್ಲಿ ದಕ್ಕಿದ ದೊಡ್ಡ ಕಾನೂನು ಪರಿಹಾರ ಬಂದದ್ದು, ನೀರು ನಿಜಕ್ಕೂ ಎಲ್ಲಿ ಇದೆ, ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ಸರಿಯಾಗಿ ಕೇಳಿದಾಗ.

ಅದೇ ಪ್ರಶ್ನೆಯನ್ನು ಈಗ ಬೆಂಗಳೂರಿನ ಮುಂದೆಯೂ ಇಡಬೇಕು. ಶೇ 20ರ ಸೂತ್ರದಂತೆ ಹೆಚ್ಚುವರಿ 4.75 ಟಿಎಂಸಿ ಅಡಿ ಬಳಕೆ ಎಂದರೆ ಸುಮಾರು 23.75 ಟಿಎಂಸಿ ಅಡಿ ಹೆಚ್ಚಾಗಿ ಎತ್ತಬಹುದು, ಐದರಲ್ಲಿ ನಾಲ್ಕು ಪಾಲು ಹಿಂದಿರುಗುತ್ತದೆ ಎಂಬ ನಂಬಿಕೆಯ ಮೇಲೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿದ ಮೇಲೆ ನಗರಕ್ಕೆ ದಿನಕ್ಕೆ 2,225 ದಶಲಕ್ಷ ಲೀಟರ್ ಕಾವೇರಿ ನೀರು ಎತ್ತುವ ವ್ಯವಸ್ಥೆಯಿದೆ; ಪೂರ್ತಿ ಎತ್ತಿದರೆ ವರ್ಷಕ್ಕೆ 28 ಟಿಎಂಸಿ ಅಡಿ ದಾಟುತ್ತದೆ. ನಗರ ಕೂತಿರುವುದು ದಿಬ್ಬದ ಮೇಲೆ. ಪಶ್ಚಿಮಕ್ಕೆ ಇಳಿಯುವ ಕೊಳಚೆ ವೃಷಭಾವತಿ ಸೇರಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಗೆ ಮರಳುತ್ತದೆ, ಬಿಳಿಗುಂಡ್ಲುವಿನ ಮಾಪಕದಲ್ಲಿ ಲೆಕ್ಕಕ್ಕೂ ಬರುತ್ತದೆ. ಪೂರ್ವಕ್ಕೆ ಇಳಿಯುವುದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. 2018ರಿಂದ ಅದರ ಒಂದು ಭಾಗವನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬರಡು ಕೋಲಾರಕ್ಕೆ ನೀರು ಸಿಕ್ಕಿದ್ದು ಒಳ್ಳೆಯದೇ. ಆದರೆ ಕಾವೇರಿಯ ಪಾಲಿಗೆ ಅದು ಮರಳದ ನೀರು, ಪೂರ್ಣ ಬಳಕೆ. ಮರಳುವ ನೀರಿನಲ್ಲೂ ವೃಷಭಾವತಿಯ ವಿಷ ಸೇರಿದ್ದರೆ ಅದನ್ನು ಮರಳಿದ್ದು ಎಂದು ಎಣಿಸುವುದು ಎಷ್ಟರಮಟ್ಟಿಗೆ ನ್ಯಾಯ? ಹೊಲದ ಲೆಕ್ಕದಲ್ಲಿ ತೊಡಕು ತಿರುಗುಮುರುಗು. ಜಲಾಶಯದಿಂದ ನಾಲೆಗೆ ತಿರುಗಿಸಿದ್ದೆಲ್ಲವನ್ನೂ ತೀರ್ಪು ಬಳಕೆ ಎಂದೇ ಎಣಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಿಂದ ಬಸಿದು ಹಳ್ಳಗಳ ಮೂಲಕ ಮತ್ತೆ ನದಿ ಸೇರುವ ನೀರಿನ ಲೆಕ್ಕವನ್ನು ಬೇರೆಯಾಗಿ ಯಾರೂ ಕೇಳುವುದಿಲ್ಲ.

ಬರಗಾಲದಲ್ಲಿ ಲೆಕ್ಕದ ಈ ಕೊರತೆ ಬೆಂಕಿಯಾಗುತ್ತದೆ. ಸಂಕಷ್ಟದ ವರ್ಷ ಎಲ್ಲರ ಪಾಲೂ ಅನುಪಾತದಲ್ಲಿ ತಗ್ಗಬೇಕು ಎಂದು ತೀರ್ಪು ಹೇಳುತ್ತದೆ. ಅನುಪಾತವನ್ನು ಗುರುತಿಸುವಾಗ ಕಾವೇರಿ ನೀರು ನಿಯಂತ್ರಣ ಸಮಿತಿ ಹಾರಂಗಿ, ಹೇಮಾವತಿ, ಕೃಷ್ಣರಾಜಸಾಗರ, ಕಬಿನಿಗಳ ಒಳಹರಿವನ್ನು ಹಿಂದಿನ 30 ವರ್ಷಗಳ ಸರಾಸರಿಗೆ ಹೋಲಿಸುತ್ತದೆ. 2023ರಲ್ಲಿ ಒಳಹರಿವಿನ ಕೊರತೆ ಅರ್ಧವನ್ನೂ ದಾಟಿತ್ತು. ಸೆಪ್ಟೆಂಬರ್ 12ರಂದು ಸಮಿತಿ 15 ದಿನ 5,000 ಕ್ಯೂಸೆಕ್ ಬಿಡಲು ಹೇಳಿತು. ಒಟ್ಟು ಆರೂವರೆ ಟಿಎಂಸಿ ಅಡಿ. ಅದಕ್ಕಾಗಿ ಅದೇ ತಿಂಗಳು ಬೆಂಗಳೂರು ಒಮ್ಮೆ, ಇಡೀ ಕರ್ನಾಟಕ ಒಮ್ಮೆ ಬಂದ್ ಆಯಿತು. ಈ ಸೂತ್ರದ ಕಣ್ಣು ಬಂದ ನೀರಿನ ಮೇಲಿದೆ. ನಿಂತ ಬೆಳೆ ಉಳಿಯಲು ಎರಡೂ ಕಡೆ ಕನಿಷ್ಠ ಎಷ್ಟು ಬೇಕು, ಯಾರ ಬಳಿ ಅಂತರ್ಜಲದ ಆಸರೆ ಎಷ್ಟಿದೆ, ಈಶಾನ್ಯ ಮಾರುತದ ಮಳೆ ಮುಖಜಭೂಮಿಗೆ ಎಷ್ಟು ತಂದೀತು ಎಂಬುದು ಸಭೆಯಲ್ಲಿ ವಾದವಾಗಿ ಬರುತ್ತದೆ, ಒಪ್ಪಿತ ಲೆಕ್ಕವಾಗಿ ಬರುವುದಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ ಬಿಟ್ಟುಬಿಟ್ಟು, ನೀರು ಪಡೆದು ಒಂದು ಬೆಳೆಯನ್ನೇ ಕೈಬಿಟ್ಟ ಮಂಡ್ಯದ ರೈತನ ತ್ಯಾಗ ಎಷ್ಟು ನೀರನ್ನು ಉಳಿಸಿತು ಎಂಬುದೂ ಯಾವ ಪಟ್ಟಿಯಲ್ಲೂ ಏರುವುದಿಲ್ಲ.

ಬೇರೆ ದಾರಿ ಇಲ್ಲವೇ? ಅಮೆರಿಕದ ಕೊಲರಾಡೊ ನದಿಯ ಮೇಲ್ಕಣಿವೆಯ ರಾಜ್ಯಗಳು 1948ರಲ್ಲೇ ಒಂದು ದಾರಿ ಕಂಡುಕೊಂಡವು. ಅರಿಜೋನಾಗೆ 50,000 ಎಕರೆ-ಅಡಿ ಎತ್ತಿಟ್ಟು, ಉಳಿದದ್ದರಲ್ಲಿ ಕೊಲರಾಡೊಗೆ ಶೇ 51.75, ಯೂಟಾಗೆ 23, ವಯೋಮಿಂಗ್‌ಗೆ 14, ನ್ಯೂ ಮೆಕ್ಸಿಕೊಗೆ 11.25 ಎಂದು ಪ್ರಮಾಣದ ಬದಲು ಶೇಕಡಾವಾರು ಹಂಚಿಕೊಂಡವು. ಬಳಕೆಯನ್ನು ಅಳೆಯುವ ಕ್ರಮವನ್ನೂ ಒಪ್ಪಂದದಲ್ಲೇ ಬರೆದವು: ಮನುಷ್ಯರ ಕೆಲಸದಿಂದ ಮೇಲ್ಕಣಿವೆಯ ಕೊನೆಯ ಲೀ ಫೆರಿಯ ಬಳಿ ನದಿಯ ಸಹಜ ಹರಿವು ಎಷ್ಟು ತಗ್ಗಿತೋ ಅಷ್ಟೇ ಬಳಕೆ. ಅಲ್ಲಿನ ಕೇಂದ್ರ ಇಲಾಖೆ ಬಳಕೆ ಮತ್ತು ನಷ್ಟಗಳ ವರದಿಗಳನ್ನು ಪ್ರಕಟಿಸುತ್ತ ಬಂದಿದೆ. ಇದರಿಂದ ಅಲ್ಲಿಯ ಬರ ನಿಂತಿಲ್ಲ, ಜಗಳವೂ ಮುಗಿದಿಲ್ಲ. 1922ರಲ್ಲಿ ನದಿಯ ಹರಿವನ್ನು ಹೆಚ್ಚಾಗಿ ಅಂದಾಜಿಸಿದ ತಪ್ಪಿನ ಬೆಲೆಯನ್ನು ಆ ಕಣಿವೆ ಇಂದಿಗೂ ತೆರುತ್ತಿದೆ. ಆದರೂ ಅಲ್ಲಿ ವಾದಿಸುವವರ ಕೈಯಲ್ಲಿ ಒಂದೇ ಕ್ರಮದಲ್ಲಿ ಬರೆದ ಲೆಕ್ಕವಿದೆ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಕಾವೇರಿಯ ಸಮಸ್ಯೆ ಅಂಕಿಗಳದ್ದಲ್ಲ, ಅಸಮಾನ ಚರಿತ್ರೆಯದ್ದು ಎನ್ನುತ್ತಾರೆ. ಬ್ರಿಟಿಷರ ಮದ್ರಾಸಿನೆದುರು ಸಂಸ್ಥಾನವೊಂದು ಬಾಗಿ ಸಹಿ ಹಾಕಿತು, ಮೊದಲು ಬಳಸಿದವನಿಗೆ ಮೊದಲ ಹಕ್ಕು ಎಂಬ ನಿಯಮ ಮೇಲಿನವರನ್ನು ಕಟ್ಟಿಹಾಕಿತು ಎಂಬುದರಲ್ಲಿ ಸತ್ಯವಿದೆ. ಆದರೆ ಆ ಅಸಮಾನತೆ ಶತಮಾನ ಬದುಕಿದ್ದು ಹೇಗೆ? ಹಳೆಯ ಬಳಕೆಯಲ್ಲಿ ಎಷ್ಟು ಅಗತ್ಯ, ಎಷ್ಟು ಪೋಲು ಎಂದು ಬಿಡಿಸಿ ತೋರಿಸುವ ಲೆಕ್ಕ ಇಲ್ಲದ್ದರಿಂದ. ಅನ್ಯಾಯವನ್ನು ತೋರಿಸಲು ಬೇಕಾದದ್ದೂ ಅದೇ ಲೆಕ್ಕ. ಇನ್ನು ಕೆಲವರು, ಬಳಕೆಯ ಪುಸ್ತಕ ತೆರೆದರೆ ನಮ್ಮ ಕೊಳವೆಬಾವಿಗಳು, ಕಣಿವೆ ದಾಟುವ ಬೆಂಗಳೂರಿನ ನೀರು ಎಲ್ಲ ಬಯಲಾಗಿ ಕರ್ನಾಟಕಕ್ಕೇ ಹಾನಿ ಎಂದು ಹೆದರುತ್ತಾರೆ. 2018ರ ಅನುಭವ ಬೇರೆ ಹೇಳುತ್ತದೆ: ಹತ್ತು ಟಿಎಂಸಿ ಅಡಿಯ ಪರಿಹಾರ ಬಂದದ್ದು ಕೆಳಗಿನ ಅಂತರ್ಜಲ ಲೆಕ್ಕಕ್ಕೆ ಬಂದದ್ದರಿಂದ. ತನ್ನದನ್ನು ಮುಚ್ಚಿಟ್ಟುಕೊಂಡು ಇನ್ನೊಬ್ಬರದನ್ನು ತೆರೆಯಿರಿ ಎನ್ನುವ ವಾದ ಯಾವ ನ್ಯಾಯಾಲಯದಲ್ಲೂ ಬಹಳ ದಿನ ನಿಲ್ಲುವುದಿಲ್ಲ. ಮೂರನೆಯದು ತಾಂತ್ರಿಕ ಆಕ್ಷೇಪ: ಬೆಳೆ ಎಷ್ಟು ನೀರನ್ನು ಆವಿಯಾಗಿಸಿತು ಎಂಬುದನ್ನು ಉಪಗ್ರಹದಿಂದ ಅಂದಾಜಿಸಿದರೂ ತಪ್ಪು ಇದ್ದೇ ಇರುತ್ತದೆ. ಇರುತ್ತದೆ. ಒಳಹರಿವಿನ ಅಂಕಿಯಲ್ಲೂ ಇದೆ, 740ರಲ್ಲೂ ಇದೆ. ತಪ್ಪಿನ ಅಗಲವನ್ನು ಪಕ್ಕದಲ್ಲೇ ಬರೆದಿಟ್ಟ ಅಂದಾಜು, ತಪ್ಪೇ ಇಲ್ಲವೆಂಬಂತೆ ಘೋಷಿಸುವ ಅಂಕಿಗಿಂತ ನಂಬಿಕೆಗೆ ಅರ್ಹ.

ಆಗಬೇಕಾದದ್ದು ಕ್ರಾಂತಿಯೇನಲ್ಲ. ಬಳಕೆ ಎಂದರೆ ನದಿಯಲ್ಲಿ ಕಡಿಮೆಯಾದದ್ದು ಎಂಬ ಮಾತು ತೀರ್ಪಿನಲ್ಲೇ ಇದೆ. 2018ರ ಜೂನಿನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ಇದೆ. ಜಲವರ್ಷ ಮುಗಿಯುವ ಪ್ರತಿ ಮೇ ತಿಂಗಳ ನಂತರ ನಾಲ್ಕೂ ಪಾಲುದಾರರು ಒಂದೇ ನಮೂನೆಯಲ್ಲಿ ಲೆಕ್ಕ ಒಪ್ಪಿಸಲಿ: ಜಲಾಶಯದಿಂದ ಆವಿಯಾದದ್ದು, ನಾಲೆಗೆ ಹೋದದ್ದು, ಬಸಿದು ಮರಳಿದ್ದು, ನಗರಗಳು ಎತ್ತಿದ್ದು ಮತ್ತು ಹಿಂದಿರುಗಿಸಿದ್ದು, ನೆಲದಡಿಯಿಂದ ತೆಗೆದದ್ದು. ಜಲಾಶಯಗಳ ಕೋಷ್ಟಕಗಳನ್ನು ಹೂಳಿನ ಹೊಸ ಸಮೀಕ್ಷೆಯೊಂದಿಗೆ ತಿದ್ದಲಿ, ಮತ್ತು ಇದೆಲ್ಲವೂ ರೈತರ ಕೈಗೆ ಸಿಗುವಂತೆ ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ ಪ್ರಕಟವಾಗಲಿ. ಈ ಕೆಲಸವನ್ನು ಶುರು ಮಾಡಬೇಕಾದದ್ದು ಕಟ್ಟೆಗಳು ತುಂಬಿ ತುಳುಕುವ ವರ್ಷದಲ್ಲಿ, ಯಾರ ಮನಸ್ಸೂ ಕಾದಿರದ ಹೊತ್ತಿನಲ್ಲಿ. ಮುಂದಿನ ಬರ ಬಂದಾಗ ನೀರು ಹೆಚ್ಚಾಗುವುದಿಲ್ಲ, ಕಷ್ಟವೂ ತಪ್ಪುವುದಿಲ್ಲ. ಆದರೆ ಇರುವ ಕಷ್ಟವನ್ನು ಎರಡೂ ದಡದವರು ಒಂದೇ ಲೆಕ್ಕದ ಮೇಲೆ ಹಂಚಿಕೊಳ್ಳಬಹುದು. 1892ರಲ್ಲಿ ಬರೆಯದೆ ಬಿಟ್ಟ ಪುಟವನ್ನು ತುಂಬಿಸುವ ಹೊಣೆ ನಮ್ಮ ತಲೆಮಾರಿನದು.